ಐವತ್ತಕ್ಕೂ ಒಪ್ಪುವ ಹೆಸರು

ಮಗಳಿಗೆ ತಾನು ಇಡುವ ಹೆಸರು ತೊಟ್ಟಿಲಿಗೆ ಮಾತ್ರವಲ್ಲ, ಐವತ್ತರ ವಯಸ್ಸಿಗೂ ಒಪ್ಪಬೇಕು ಎಂದು ಸ್ಟೇನಾರ್ ಘೋಷಿಸಿದಾಗ, ಹೆಂಡತಿ ಹಿಲ್ದುರ್ ಆ ದಿನದ ಏಳನೇ ಡೈಪರ್ ಬದಲಿಸುತ್ತಿದ್ದಳು.

"ನಾಳೆ ಇವಳು ನ್ಯಾಯಾಧೀಶೆ ಆದಳು ಅನ್ಕೋ. ಹಡಗಿನ ಕ್ಯಾಪ್ಟನ್ ಆದಳು ಅನ್ಕೋ. ಆಗಲೂ ಪುಟ್ಟಿ, ಚಿನ್ನಿ ಅನ್ನೋಕಾಗುತ್ತಾ?"

"ಆ ಒರೆಸೋ ಬಟ್ಟೆ ಕೊಡು."

"ನಾನಿಲ್ಲಿ ದೊಡ್ಡ ವಿಷಯ ಮಾತಾಡ್ತಿದ್ದೀನಿ."

"ನಾನು ಸಣ್ಣದೇ ಕೇಳ್ತಿರೋದು. ನಿನ್ನ ಎಡಗೈ ಪಕ್ಕದಲ್ಲೇ ಇದೆ."

ಅವನ ಚಿಂತೆಯಲ್ಲಿ ಹುರುಳಿರಲಿಲ್ಲವೆಂದಲ್ಲ. ಐಸ್‌ಲ್ಯಾಂಡಿನಲ್ಲಿ ಪ್ರಧಾನಿಯನ್ನೂ ಮೀನಂಗಡಿಯವನನ್ನೂ ಇಟ್ಟ ಹೆಸರಿನಿಂದಲೇ ಕರೆಯುವುದು. ಮರೆಗೆ ನಿಲ್ಲಲು ಹೆಚ್ಚಿನವರಿಗೆ ಮನೆತನದ ಹೆಸರೂ ಇಲ್ಲ. ಹೆಸರು ಕೆಟ್ಟರೆ ಹುಡುಗಿ ಜೀವಮಾನವಿಡೀ ಅದನ್ನೇ ಹೊತ್ತು ತಿರುಗಬೇಕು. ಮೇಲಾಗಿ ಸ್ಟೇನಾರ್ ಹೂಸಾವಿಕ್ ಬಂದರಿನ ಕಚೇರಿಯಲ್ಲಿ ದೋಣಿಗಳ ದಾಖಲೆ ಬರೆಯುವವನು. ಇನ್ನೂರು ದೋಣಿಗಳ ಹೆಸರು ಬಾಯಿಪಾಠವಿದ್ದವನಿಗೆ ಒಂದು ಮಗುವಿನ ಹೆಸರು ಯಾವ ಲೆಕ್ಕ?

ಹೆಸರಿಡಲು ಕಾನೂನಿನ ಪ್ರಕಾರ ಆರು ತಿಂಗಳ ಗಡುವಿತ್ತು. ಅವನು ನೋಟ್‌ಬುಕ್ ತೆರೆದ. ನ್ಯಾಯಾಧೀಶೆ ತೀರ್ಪಿನ ಕೆಳಗೆ ಹೇಗೆ ಸಹಿ ಮಾಡಿಯಾಳು ಎಂದು ಪುಟಗಟ್ಟಲೆ ಮಗಳ ಸಹಿ ಹಾಕಿ ನೋಡಿದ. ಸಾರಿನ ಪಾತ್ರೆ ಕಲಕುತ್ತಿದ್ದ ಹಿಲ್ದುರ್‌ಳನ್ನು ವಿದೇಶಿ ರಾಯಭಾರಿಯಾಗಿಸಿ, "ಇವರು ನಮ್ಮ ಮಂತ್ರಿ ಆರ್ನ್‌ದಿಸ್" ಎಂದು ಗಾಳಿಯನ್ನು ಪರಿಚಯಿಸಿದ.

"ಮಂತ್ರಿಗಳಿಗೆ ಆಲೂಗಡ್ಡೆ ಸುಲಿಯೋಕೆ ಬರುತ್ತಾ ಕೇಳು," ಎಂದಳು ರಾಯಭಾರಿ.

ಬಿರುಗಾಳಿಯಲ್ಲಿ ಕ್ಯಾಪ್ಟನ್ ಹೆಸರು ಕೇಳಿಸಬೇಕಲ್ಲವೇ? ಒಂದು ಮಧ್ಯಾಹ್ನ ಹಿತ್ತಲಿನ ಮೆಟ್ಟಿಲ ಮೇಲೆ ನಿಂತು "ಬೇರ್ಗ್‌ಲಿಂದ್" ಎಂದು ಗಂಟಲು ಹರಿಯುವಂತೆ ಕೂಗಿದ. ಪಕ್ಕದಲ್ಲೇ, ಅಲ್ಲಿನ ರೂಢಿಯಂತೆ ಮಗುವನ್ನು ಹೊದಿಸಿ ತಣ್ಣನೆಯ ಗಾಳಿಯಲ್ಲಿ ಮಲಗಿಸಿದ್ದ ತಳ್ಳುಗಾಡಿಯಿಂದ ಚೀರಾಟದ ಉತ್ತರ ಬಂತು. ಒಂದೂವರೆ ಗಂಟೆ ಹೆಣಗಿ ನಿದ್ದೆ ಮಾಡಿಸಿದ್ದ ಹಿಲ್ದುರ್ ಕಿಟಕಿ ತೆರೆದು ಅವನನ್ನೇ ನೋಡಿದಳು. ಬೇರ್ಗ್‌ಲಿಂದ್ ಅಂದೇ ರದ್ದಾಯಿತು.

ಅವನ ತಾಯಿ ಥೋರ್‌ಗೆರ್ದುರ್ ವಾರಕ್ಕೆರಡು ದಿನ ಬಂದು, ಸೊಸೆ ಸ್ನಾನ ಮಾಡಿ ಬರುವವರೆಗೆ ಮಗುವನ್ನು ಭುಜಕ್ಕೆ ಹಾಕಿಕೊಂಡು ಓಡಾಡುತ್ತಿದ್ದರು. ಅಜ್ಜಿಯ ಹೆಸರೇ ಇಡೋಣವೇ ಎಂದು ಹಿಲ್ದುರ್ ಒಮ್ಮೆ ಗಂಡನನ್ನು ಕೇಳಿದ್ದಳು.

"ಥೋರ್‌ಗೆರ್ದುರ್? ಅದು ಮೀನು ಹಿಡಿಯೋ ಹಡಗಿಗೆ ಇಡೋ ಹೆಸರು. ಮಗು ಅದನ್ನ ಉಚ್ಚರಿಸೋಕೆ ಕಲಿಯೋ ಹೊತ್ತಿಗೆ ಶಾಲೆ ಮುಗಿದಿರುತ್ತೆ."

ಐದನೇ ತಿಂಗಳ ಕೊನೆಗೆ ಮಹಾಶೋಧನೆ ಫಲ ಕೊಟ್ಟಿತು: ಸ್ಟೇನುನ್.

ಹಿಲ್ದುರ್ ಮಡಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತಿದಳು. "ಸ್ಟೇನಾರ್‌ನ ಮಗಳು ಸ್ಟೇನುನ್. ಇಷ್ಟು ತಿಂಗಳು ಊರೆಲ್ಲ ಸುತ್ತಿ ನಿನ್ನ ಹತ್ತಿರಕ್ಕೇ ಬಂದೆ."

"ಕಾಕತಾಳೀಯ. ಹೆಸರಿಗೆ ತೂಕ ಇದೆ."

"ಇರಲಿ ಬಿಡು. ನನಗೆ ನಿದ್ದೆ ಬರ್ತಿದೆ."

ನಾಮಕರಣದ ಗಳಿಗೆಯವರೆಗೆ ಹೆಸರು ಹೊರಗೆ ಬಿಡಬಾರದೆಂಬುದು ರೂಢಿ. ಸ್ಟೇನಾರ್ ತಾಯಿಗೂ ಬಾಯಿ ಬಿಡಲಿಲ್ಲ. ಭಾನುವಾರ ಮನೆಗೆ ಮೂವತ್ತು ಜನ ಬಂದರು. ಅದಕ್ಕಾಗಿ ಹಿಲ್ದುರ್ ಬುಧವಾರದಿಂದ ಕೇಕು ಬೇಯಿಸಿದ್ದಳು, ಸಿಗಡಿ ತುಂಬಿದ ಬ್ರೆಡ್ಡುಗಳನ್ನು ಪೇರಿಸಿದ್ದಳು, ಕಿಟಕಿ ಒರೆಸಿದ್ದಳು. ಸ್ಟೇನಾರ್ ಕನ್ನಡಿಯ ಮುಂದೆ ಒಂದು ಪದವನ್ನು ಅಭ್ಯಾಸ ಮಾಡಿದ್ದ.

ಊಟದ ಮೇಜಿನ ಮೇಲೆ ನೀರಿನ ಬೋಗುಣಿ ಇಟ್ಟಾಯಿತು. ಪಾದ್ರಿ ಹಾಲ್‌ಬೇರಾ ಪ್ರಾರ್ಥನೆ ಮುಗಿಸುವ ಹೊತ್ತಿಗೆ ಅಡುಗೆಮನೆಯಿಂದ ಸೀದ ವಾಸನೆ ಬಂತು. ಹಿಲ್ದುರ್ ಮಗುವನ್ನು ಗಂಡನ ಕೈಗಿಟ್ಟು ಒಲೆಯತ್ತ ಓಡಿದಳು. ಉದ್ದನೆಯ ಬಿಳಿ ಅಂಗಿಯ ಮಗು ಕಣ್ಣೆತ್ತಿ ನೋಡಿತು. ಅಷ್ಟೇನೂ ಪರಿಚಯವಿಲ್ಲದ ಆ ಮುಖ ಕಂಡು ಚೀರಿತು.

ಇಂಥ ಸಂದರ್ಭದಲ್ಲಿ ಐದು ತಿಂಗಳಿಂದ ಏನು ಮಾಡುತ್ತಿದ್ದನೋ ಅದನ್ನೇ ಸ್ಟೇನಾರ್ ಈಗಲೂ ಮಾಡಿದ. ಹತ್ತಿರದಲ್ಲಿದ್ದ ಹೆಂಗಸಿಗೆ ಕೊಟ್ಟುಬಿಟ್ಟ.

"ಒಂದ್ನಿಮಿಷ ಹಿಡ್ಕೋ ಅಮ್ಮ."

ಅಜ್ಜಿಯ ಭುಜಕ್ಕೆ ಒರಗಿದ ಮಗು ಥಟ್ಟನೆ ಸುಮ್ಮನಾಯಿತು. ಸ್ಟೇನಾರ್ ಕೋಟು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆಯುವಷ್ಟರಲ್ಲಿ ಪಾದ್ರಿ ಮಗುವನ್ನು ಎತ್ತಿಕೊಂಡವರ ಕಡೆ ತಿರುಗಿ ಕೇಳಿದರು: "ಮಗುವಿನ ಹೆಸರೇನು?"

ಅಜ್ಜಿ ಮಗನನ್ನು ನೋಡಿದರು. ಅವರ ಕಣ್ಣು ತುಂಬಿತ್ತು.

"ಥೋರ್‌ಗೆರ್ದುರ್," ಎಂದರು.

ಮಗುವಿನ ನೆತ್ತಿಗೆ ಮೂರು ಬೊಗಸೆ ನೀರು ಬಿತ್ತು. ಮೂವತ್ತು ಜನ "ಆಹಾ" ಎಂದರು.

"ಅಮ್ಮ, ಏನಮ್ಮ ಇದು?" ಎಂದ ಸ್ಟೇನಾರ್.

"ನಮ್ಮ ಮನೆಯಲ್ಲಿ ಯಾರ ಹೆಸರು ಇಡ್ತಾರೋ ಅವರ ಕೈಯಲ್ಲೇ ತಾನೇ ಮಗು ಕೊಡೋದು? ನೀನು ಕೊಟ್ಟಾಗ ನನಗೆ ನಂಬೋಕೇ ಆಗಲಿಲ್ಲ ಕಣೋ."

ಕೈಗವಸು ತೊಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದ ಹಿಲ್ದುರ್ ಸೀದ ಕೇಕಿನ ತಟ್ಟೆಯಿಂದ ಮುಖ ಮರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಸ್ಟೇನಾರ್ ಪಾದ್ರಿಯನ್ನು ಮೂಲೆಗೆ ಕರೆದೊಯ್ದ. ಐವತ್ತು ವರ್ಷಗಳ ಭವಿಷ್ಯ, ನ್ಯಾಯಪೀಠ, ಬಿರುಗಾಳಿ ಎಲ್ಲವೂ ಕೈಬಿಟ್ಟು ಹೋಗುತ್ತಿದ್ದವು. "ಏನಾದ್ರೂ ದಾರಿ ಇದೆಯಾ?"

"ಹೆಸರು ಇನ್ನೂ ದಾಖಲೆಗೆ ಹೋಗಿಲ್ಲ. ಅರ್ಜಿ ಇಲ್ಲಿದೆ. ತಂದೆತಾಯಿ ಇಬ್ಬರೂ ಒಪ್ಪಿದರೆ ನೀವೇ ತುಂಬಿ ಕೊಡಿ."

"ನನ್ನದೇನೂ ಅಡ್ಡಿ ಇಲ್ಲ," ಎಂದಳು ಹಿಲ್ದುರ್. "ಬರೀ. ಅಮ್ಮನಿಗೂ ನೀನೇ ಹೇಳು."

ಅವನು ಪೆನ್ನು ಕಸಿದುಕೊಂಡು ಕುಳಿತ. ಮೊದಲ ಸಾಲು: ಮಗು ಹುಟ್ಟಿದ ದಿನಾಂಕ.

"ಅಕ್ಟೋಬರ್," ಎಂದು ಬರೆದ. ಪೆನ್ನು ನಿಂತಿತು. ಛಾವಣಿ ನೋಡಿದ. ಹಿಲ್ದುರ್‌ಳನ್ನು ನೋಡಿದ. ಅವಳು ಕೇಕಿನ ಸೀದ ಅಂಚನ್ನು ನಿಧಾನವಾಗಿ ಕೆರೆಯುತ್ತಿದ್ದಳು.

ಪಾದ್ರಿ ಅವನ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡು ಅಜ್ಜಿಯ ಕಡೆ ತಿರುಗಿದರು.

"ಹದಿನೇಳು, ಮಧ್ಯಾಹ್ನ ಎರಡು ಹತ್ತಕ್ಕೆ," ಎಂದರು ಥೋರ್‌ಗೆರ್ದುರ್, ಮಗುವಿನ ಬೆನ್ನು ತಟ್ಟುತ್ತ. "ಹಿಲ್ದುರ್ ನನ್ನ ಕೈ ಹಿಡ್ಕೊಂಡಿದ್ದಳು. ಇವನು ಕಾರು ನಿಲ್ಲಿಸೋಕೆ ಜಾಗ ಹುಡುಕ್ತಿದ್ದ."