ನಮ್ಮನೆಯವರ ಹಣ್ಣುಮಲ್ಲಿಗೆ ಸೆಂಟು

ಸೆಂಟು ಮಾಡುವವರನ್ನು ಕಟ್ಟಿಕೊಂಡ ಮೇಲೆ ಇಂಥವೆಲ್ಲ ತಪ್ಪಿದ್ದಲ್ಲ. ಬಾಗಿಲು ಹಾಕಿದರೂ ವಾಸನೆ ಕಿಟಕಿಯಿಂದ ಹೊರಗೆ ಹೋಗುತ್ತೆ, ಅದನ್ನು ಹಿಡಿದುಕೊಂಡು ಜನ ಒಳಗೆ ಬರ್ತಾರೆ.

ನಮ್ಮನೆಯವರು ಮೊದಲು ಪೇಟೆಯಲ್ಲಿ ಒಬ್ಬ ಸಾಹುಕಾರರ ಸೆಂಟಿನಂಗಡಿಯಲ್ಲಿ ಎಣ್ಣೆ ಬೆರೆಸೋ ಕೆಲಸದಲ್ಲಿದ್ದರು. ಒಂದು ದಿನ, "ಮಲ್ಲಿಗೆಗೆ ಮಾಗಿದ ಹಣ್ಣಿನ ಘಮ ಸೇರಿಸಿ ನೋಡೋಣ" ಅಂದರಂತೆ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಹೂವು ಮುಡ್ಕೊಳ್ಳೋಕೆ, ಹಣ್ಣು ತಿನ್ನೋಕೆ ಕಣಯ್ಯ. ಎರಡನ್ನೂ ಒಂದೇ ಶೀಸೆಗೆ ಹಾಕಿದ್ರೆ ಯಾರು ತಗೋತಾರೆ?"

ಇವರಿಗೆ ರೋಷ ಬಂತು. "ಆಷಾಢ ಬರೋದ್ರೊಳಗೆ ಒಂದು ಮದುವೆ ಮನೆಯವರಾದ್ರೂ ನನ್ನ ಸೆಂಟೇ ಬೇಕು ಅಂತ ಕೇಳಿ ತಗೋತಾರೆ. ಇಲ್ಲಾಂದ್ರೆ ವಾಪಸ್ ಬಂದು ನಿಮ್ಮ ಬಾಗಿಲಲ್ಲಿ ನಿಲ್ತೀನಿ" ಅಂದು ಕೆಲಸ ಬಿಟ್ಟು ಬಂದರು. "ಬಾಗಿಲು ತೆಗೆದೇ ಇಟ್ಟಿರ್ತೀನಿ" ಅಂದರಂತೆ ಸಾಹುಕಾರರು. ಅದನ್ನು ಕೇಳಿ ನನಗೆ ಮೈಯೆಲ್ಲ ಉರೀತು. ನನ್ನ ಗಂಡನ ಮೂಗು ಎಂಥದ್ದು ಅಂತ ನನಗೆ ಗೊತ್ತಿತ್ತು. ಹಿತ್ತಲಲ್ಲಿ ಕೂತು, ಒಳಗೆ ಸಾರಿಗೆ ಇಂಗು ಹಾಕಿಲ್ಲ ಅಂತ ಹೇಳೋ ಮೂಗು ಅದು.

ತಟ್ಟೆ ಹಿಡಿದು ಬಂದವರು

ರಾಜಾಜಿನಗರ ಆಗಿನ್ನೂ ಹೊಸದು. ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಡೀ ಬೀದಿಗೆ ಗೊತ್ತಾಗೋದು. ಇವರು ನಡುಮನೆಯಲ್ಲೇ ಶೀಸೆಗಳನ್ನು ಹರಡಿಕೊಂಡು ಕೂತು, ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, "ಕೂಡಿಬಂತು ಕಣೇ" ಅಂದರು. ಮೂಸಿ ನೋಡಿದೆ. ಮೊದಲು ಮಲ್ಲಿಗೆ, ಅದರ ಹಿಂದೆಯೇ ಮಾಗಿದ ಹಣ್ಣು. ನಿಜ ಹೇಳ್ತೀನಿ, ನನ್ನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ತಟ್ಟೆ ಹಿಡಿದು ಬಂದೇ ಬಿಟ್ಟರು. ಮುಖ ಗಂಟು ಹಾಕಿಕೊಂಡಿದ್ದರು.

"ಅಲ್ಲಾ ರೀ, ಹಲಸಿನ ಹಣ್ಣು ಕುಯ್ದು ಬಾಗಿಲು ಹಾಕ್ಕೊಂಡು ತಿನ್ನೋ ಪದ್ಧತಿ ಯಾವೂರಲ್ಲಿದೆ?"

ನಮ್ಮ ಕಡೆ ಹಲಸು ಕುಯ್ದರೆ ಅಕ್ಕಪಕ್ಕಕ್ಕೆ ಕೊಡದೆ ತಿನ್ನುವ ಹಾಗಿಲ್ಲ. ಅದಕ್ಕೇ ಅವರಿಗೆ ಅಷ್ಟು ಕೋಪ. "ಇದು ಹಲಸಿನ ಕಾಲವೇನ್ರೀ?" ಅಂದೆ. "ಅದೇ ನಾನೂ ಕೇಳೋದು, ಎಲ್ಲಿಂದ ತರಿಸಿದ್ರಿ?" ಅಂದರು.

ಶೀಸೆ ತಂದು ಅವರ ಕೈ ಮೇಲೆ ಒಂದು ತೊಟ್ಟು ಹಚ್ಚಿದೆ. ಕಣ್ಣು ಮುಚ್ಚಿ ಮೂಸಿದರು, ತಲೆದೂಗಿದರು, ಇನ್ನೊಮ್ಮೆ ಮೂಸಿದರು. ಆಮೇಲೆ ತಟ್ಟೆ ಮುಂದೆ ಚಾಚಿದರು.

"ಚೆನ್ನಾಗಿದೆ ರೀ. ಈಗ ತೊಳೆ ಕೊಡಿ."

ಘಮ್ಮೆನ್ನೋ ಕನಕಾಂಬರ

ಹಲಸು ಇಲ್ಲ ಅಂತ ಅವರು ನಂಬಿದರೋ ಇಲ್ಲವೋ, ಸೆಂಟನ್ನಂತೂ ಯಾರೂ ಕೊಳ್ಳಲಿಲ್ಲ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಕೊಂಡವಳು ಒಬ್ಬಳೇ, ಕೆಂಗೇರಿ ಕಡೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಹೂವಿನವಳು. ಮುಡಿಯೋಕೆ ಹೂವಿದ್ದವಳಿಗೆ ಸೆಂಟು ಯಾತಕ್ಕೆ ಅಂತ ನಾನು ಕೇಳಲಿಲ್ಲ. ಕೊಂಡರೆ ಸಾಕಿತ್ತು.

ಒಂದು ದಿನ ಪಕ್ಕದ ಮನೆಯಾಕೆ ಕುಣಿಯುತ್ತಾ ಬಂದರು. ಹಿಂದಿನ ದಿನ ಅವರ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬಂದಿದ್ದರು.

"ಒಪ್ಪಿಕೊಂಡ್ರು ರೀ. ಹುಡುಗಿ ಮುಡಿದಿದ್ದ ಕನಕಾಂಬರ ಏನು ಘಮ ಅಂತೀರಾ, ಗಂಡಿನ ತಾಯಿ ಜಡೆ ಹಿಡಿದು ಹಿಡಿದು ಮೂಸಿದ್ರು."

ಕನಕಾಂಬರಕ್ಕೆ ವಾಸನೆ ಎಲ್ಲಿಂದ ಬರಬೇಕು? ಹೂವಿನವಳು ಬಂದಾಗ ಇಬ್ಬರೂ ಸೇರಿ ಅವಳನ್ನು ಹಿಡಿದೆವು. ಅವಳು ಸ್ವಲ್ಪವೂ ಅಂಜಲಿಲ್ಲ. "ಹೂಂ ಕಣಮ್ಮ, ನಿಮ್ಮ ಸೆಂಟೇ ಚಿಮುಕಿಸೋದು. ಮಲ್ಲಿಗೆ ವಾಸನೆಗೆ ಯಾರೂ ಏನೂ ಕೇಳಲ್ಲ, ಜೊತೇಲೇ ಕಟ್ಟಿದ್ದೆ ಅಂತೀನಿ. ಹಣ್ಣಿನ ವಾಸನೆ ಯಾಕೆ ಅಂದ್ರೆ ಮಾತ್ರ ಕಷ್ಟ."

"ಏನ್ ಹೇಳ್ತೀಯ ಮತ್ತೆ?"

"ಮಾವಿನ ಮರದ ಕೆಳಗೆ ಬೆಳೆದಿದ್ದು ಅಂತ."

ಪಕ್ಕದ ಮನೆಯಾಕೆ ನಕ್ಕೂ ನಕ್ಕೂ ಜಗಲಿಯ ಮೇಲೆ ಕೂತುಬಿಟ್ಟರು. ಎದ್ದವರೇ, "ಮಗಳ ಮದುವೆಗೆ ಇದೇ ಸೆಂಟು ಬೇಕು, ಬೇರೆ ಯಾವುದೂ ಬೇಡ" ಅಂದರು. ನಮ್ಮನೆಯವರು ಒಳಗಿನಿಂದ ಕೇಳಿಸಿಕೊಂಡು, ಹೊರಗೆ ಬಂದು, ಹೂವಿನವಳಿಗೆ ಕೈಮುಗಿದರು.

ಏಳದ ಪಂಕ್ತಿ

ಮದುವೆ ಅವರ ಮನೆ ಮುಂದಿನ ಚಪ್ಪರದಲ್ಲೇ ಆಯಿತು. ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳು ಬಂದವರ ಮುಂಗೈಗೆಲ್ಲ ನಮ್ಮ ಸೆಂಟು ಹಚ್ಚುತ್ತಿದ್ದರು. ಅಷ್ಟರಲ್ಲಿ ಗಂಡಿನ ದೊಡ್ಡಪ್ಪ ಬಂದರು. ನೋಡಿದರೆ ಪೇಟೆಯ ಅದೇ ಸಾಹುಕಾರರು. ನಮ್ಮನೆಯವರು ಅಡುಗೆಯವರ ಹಿಂದೆ ಹೋಗಿ ನಿಂತುಬಿಟ್ಟರು. ಸಾಹುಕಾರರು, "ಸೆಂಟಿನವನಿಗೇ ಸೆಂಟು ಹಚ್ತೀರೇನ್ರಮ್ಮ" ಅಂತ ಕೈ ಆಡಿಸಿ ಮುಂದೆ ಹೋದರು.

ಬೀಗರ ಪಂಕ್ತಿ ಕೂತಿತು. ಪಾಯಸ ಆಯಿತು, ಹೋಳಿಗೆ ಆಯಿತು, ಮೊಸರನ್ನವೂ ಆಯಿತು. ಯಾರೂ ಏಳಲಿಲ್ಲ. ಹಿರಿಯರು ಏಳದೆ ಉಳಿದವರು ಹೇಗೆ ಏಳೋದು? ಹಿರಿಯರಾದ ಸಾಹುಕಾರರು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇ ಇದ್ದರು. ಮುಂದಿನ ಪಂಕ್ತಿಯವರು ಹಸಿದು ನಿಂತಿದ್ದರು. ಹೆಣ್ಣಿನ ತಾಯಿ ಓಡಿ ಹೋಗಿ, "ಏನಾದ್ರೂ ಕಡಿಮೆ ಆಯ್ತಾ?" ಅಂದರು.

"ಬಡಿಸಿದ್ದಕ್ಕೆ ಕಡಿಮೆ ಇಲ್ಲಮ್ಮ. ಹಣ್ಣಿನ ರಸಾಯನ ಮಾಡಿಟ್ಟು ಬಡಿಸದೆ ಇದೀರಲ್ಲ, ಅದು ಬರ್ಲಿ. ನನ್ನ ಮೂಗಿಗೆ ಮೋಸ ಮಾಡೋಕಾಗಲ್ಲ."

ನಾನು ಇವರ ಬೆನ್ನಿಗೆ ಕೈಕೊಟ್ಟು ತಳ್ಳಿದೆ. ಇವರು ಸಾಲಿನ ನಡುವೆ ನಡೆದು ಹೋಗಿ, ಬಗ್ಗಿ, ಸೆಂಟು ಹಚ್ಚಿದ್ದ ತಮ್ಮ ಮುಂಗೈ ಚಾಚಿದರು. "ನೀವು ಕೇಳಿದ ರಸಾಯನ ಇಲ್ಲಿದೆ, ಸಾಹುಕಾರ್ರೆ."

ಸಾಹುಕಾರರು ಮೂಸಿದರು. ಇವರ ಮುಖ ನೋಡಿದರು. ಮತ್ತೆ ಮೂಸಿದರು. "ಇದನ್ನ ಯಾರು ಕೇಳಿ ತರಿಸಿದ್ದು?"

"ನಾನೇ" ಅಂದರು ಹೆಣ್ಣಿನ ತಾಯಿ, "ಇದೇ ಬೇಕು ಅಂತ."

ಸಾಹುಕಾರರು ಎದ್ದರು. ಕೈ ತೊಳೆದು, ಸೀದಾ ಚಪ್ಪರದ ಬಾಗಿಲಿಗೆ ಹೋಗಿ, ಹೆಣ್ಣುಮಕ್ಕಳ ಮುಂದೆ ಮುಂಗೈ ಚಾಚಿ ನಿಂತರು.

ಆಷಾಢಕ್ಕೆ ಮೊದಲೇ ಅವರು ನಮ್ಮ ಬಾಗಿಲಿಗೆ ಬಂದರು, ತಮ್ಮ ಅಂಗಡಿಯಲ್ಲಿ ಮಾರೋಕೆ ಹಣ್ಣುಮಲ್ಲಿಗೆ ಬೇಕು ಅಂತ. ಬರ್ತಾರೆ ಅಂತ ಹೇಳಿಕಳಿಸಿದ್ದರಿಂದ ನಾನು ಬಾಳೆಹಣ್ಣು, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ರಸಾಯನ ಮಾಡಿಟ್ಟಿದ್ದೆ. ಎದೆ ಉಬ್ಬಿಸಿಕೊಂಡೇ ಬಟ್ಟಲು ಮುಂದಿಟ್ಟೆ.

"ತಗೊಳ್ಳಿ ಸಾಹುಕಾರ್ರೆ, ಇದು ನಿಜವಾಗಿ ತಿನ್ನೋದು."

ಅವರು ಬಟ್ಟಲನ್ನು ಮೂಗಿನ ಹತ್ತಿರ ತಂದರು. ಒಂದು ಚಮಚ ತಿಂದರು. ಇನ್ನೊಂದು ತಿಂದರು. ಇವರ ಕಡೆ ತಿರುಗಿ, ಮುಖ ಸಣ್ಣ ಮಾಡಿಕೊಂಡು ಹೇಳಿದರು:

"ರುಚಿ ಇದೆ ಕಣಯ್ಯ. ಆದ್ರೆ ನಿನ್ನ ಶೀಸೇಲಿರೋ ರಸಾಯನದ ಘಮ ಇದಕ್ಕಿಲ್ಲ."