ಮೊದಲು ಮಾವನ ಮೂಗು

ನನ್ನ ಸೋದರಮಾವನಷ್ಟು ಪುಕ್ಕಲು ಮನುಷ್ಯ ಪುತ್ತಿಗೆಯಿಂದ ಬೆಳ್ತಂಗಡಿಯವರೆಗೆ ಹುಡುಕಿದರೂ ಸಿಗಲಾರ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿದ ದಿನ ಮನೆಯವರನ್ನೆಲ್ಲ ಅಂಗಳಕ್ಕೆ ಅಟ್ಟಿ, ಮೂರು ವಿಸಿಲ್ ಆಗುವವರೆಗೆ ಒಲೆಯ ಪಕ್ಕ ತಾವೊಬ್ಬರೇ ನಿಲ್ಲುವವರು ಅವರು! ಕಾಲು ಮುರಿದ ಕುರ್ಚಿಯನ್ನು ಸರಿ ಮಾಡಿದರೆ ಒಂದು ವಾರ ಅದರಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಊಟ, ಪೇಪರು, ಮಧ್ಯಾಹ್ನದ ತೂಕಡಿಕೆ ಎಲ್ಲವೂ ಅದರ ಮೇಲೆ ಅವರದೇ.

"ನಿನ್ನ ಮಾವ ಯಮನ ಮನೆಗೂ ಮೊದಲು ತಾವೇ ಹೋಗಿ, ಅಲ್ಲಿಯ ಬೆಂಚು ಗಟ್ಟಿ ಉಂಟಾ ಅಂತ ನೋಡಿ, ಮತ್ತೆ ನಮ್ಮನ್ನು ಕರೀತಾರೆ," ಎಂದು ಅತ್ತೆ ಹೇಳುವುದುಂಟು.

ಮಾವ ಬೆಳ್ತಂಗಡಿಯ ಒಂದು ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು. ಇದೆಲ್ಲ ಕಂಪೌಂಡರ್ ಬುದ್ಧಿ ಎಂದೇ ನನ್ನ ತೀರ್ಮಾನ. ಕಾಲೇಜಿನಲ್ಲಿ ಪಾಠ ಮಾಡುವವಳಿಗೆ ತೀರ್ಮಾನಗಳಿಗೇನು ಕೊರತೆ?

ನನ್ನ ನಾಲ್ಕು ವರ್ಷದ ಮಗಳು ಮೀನು ಬೇಕೆಂದು ಹಟ ಹಿಡಿದದ್ದೇ ಈ ಕಥೆಗೆ ಕಾರಣ. ಬಂಟ್ವಾಳದ ಒಂದು ಹೋಟೆಲಿನವರು ತಮ್ಮ ಹಳೆಯ ಅಕ್ರಿಲಿಕ್ ಅಕ್ವೇರಿಯಂ ಇಳಿಸುವಾಗ ಮೂಲೆ ಬಿರುಕು ಬಿಟ್ಟಿತಂತೆ. ಎಸೆಯಲು ಹೊರಟಿದ್ದನ್ನು ಮಾವ ಟೆಂಪೊದಲ್ಲಿ ಹಾಕಿಸಿಕೊಂಡು ಬಂದರು. ನಾಲ್ಕಡಿ ಉದ್ದದ ಪೆಟ್ಟಿಗೆ, ಮೈತುಂಬ ಗೀರು. ನಾನು ಮಿಜಾರಿನ ನಮ್ಮ ಮನೆಯಿಂದ ನೋಡಲು ಹೋದಾಗ ಅದು ಅವರ ಚಾವಡಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿತ್ತು.

"ಪೇಷೆಂಟ್ ಹೇಗಿದ್ದಾರೆ ಮಾವ?"

"ಮೂಳೆ ಮುರಿದದ್ದು. ಆದರೆ ಬದುಕ್ತದೆ."

ಚಿಕಿತ್ಸೆ ಶುರುವಾಯಿತು. ಬಿರುಕು ಮುಂದೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆದರು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ನೀರಿನಷ್ಟು ತೆಳ್ಳಗಿನ ಅಂಟನ್ನು ಸಿರಿಂಜಿನಲ್ಲಿ ಎಳೆದುಕೊಂಡರು. ಸೂಜಿಯನ್ನು ಬಿರುಕಿನ ಬಾಯಿಗೆ ಮುಟ್ಟಿಸಿದ್ದೇ ತಡ, ಅಂಟು ತಾನಾಗಿ ಒಳಗೆ ಓಡಿತು. "ಸ್ವಲ್ಪ ಚುರುಕ್ ಅಂತದೆ, ಅಷ್ಟೆ," ಎಂದು ಪೆಟ್ಟಿಗೆಗೆ ಸಮಾಧಾನ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ! ಮೇಲಿಂದ ಅಕ್ರಿಲಿಕ್ಕಿನದೇ ಒಂದು ಪಟ್ಟಿ, ಪ್ಲಾಸ್ಟರಿನ ಹಾಗೆ. ಆಮೇಲೆ ಒಂದು ವಾರ ಒದ್ದೆ ಮರಳು ಕಾಗದದಿಂದ ಗೀರು ಉಜ್ಜಿದ್ದೇ ಉಜ್ಜಿದ್ದು. ಪೆಟ್ಟಿಗೆ ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಯಿತು. ಕೊನೆಗೆ ತಮ್ಮ ಜನ್ಮದ ಅಭ್ಯಾಸದಂತೆ ಹತ್ತಿಗೆ ಸ್ಪಿರಿಟ್ ಹಾಕಿ ಒಳಗೂ ಹೊರಗೂ ಒರೆಸಿದರು. ಮಾವನ ಮನೆಯಲ್ಲಿ ಟಿವಿ ರಿಮೋಟಿಗೂ ಸ್ಪಿರಿಟ್ಟಿನ ಸ್ನಾನ ತಪ್ಪಿದ್ದಲ್ಲ.

ಇನ್ನು ಮೀನಿನ ಆಯ್ಕೆ. ಮೂಡುಬಿದಿರೆಯ ಅಂಗಡಿಯಲ್ಲಿ ಮಾವ ಒಂದೊಂದು ಮೀನಿನ ಪೂರ್ವಾಪರವನ್ನೂ ವಿಚಾರಿಸಿದರು. ಅಂಗಡಿಯವರು ಮೊದಲು ತೋರಿಸಿದ್ದು ಪಾಚಿ ತಿನ್ನುವ ಸಕ್ಕರ್ ಮೀನು.

"ಬೇಡ ಮಾರಾಯ್ರೆ. ಇದು ಗೋಡೆ ಕೆರೆದು ಕೆರೆದು ತಿನ್ತದೆ. ಅಕ್ರಿಲಿಕ್ ಮೆತ್ತಗೆ. ನನ್ನ ಒಂದು ವಾರದ ಪಾಲಿಶ್ ಎರಡು ದಿನದಲ್ಲಿ ಮುಗಿಸ್ತದೆ."

"ಗೋಲ್ಡ್ ಫಿಶ್?"

"ತಿನ್ನುವುದಕ್ಕಿಂತ ಹೇಲುವುದು ಜಾಸ್ತಿ."

"ಫೈಟರ್ ಉಂಟು. ಚಂದದ ಬಣ್ಣ."

"ಹೆಸರೇ ಫೈಟರ್! ಸಣ್ಣ ಮಗು ಇರುವ ಮನೆಗೆ ಅದೆಂಥದ್ದು ಸಂಸ್ಕಾರ?"

"ಹಾಗಾದ್ರೆ ಗಪ್ಪಿ ಕೊಂಡೋಗಿ ಸರ್."

"ಎರಡು ಕೊಂಡೋದ್ರೆ ನಾಲ್ಕು ತಿಂಗಳಲ್ಲಿ ಅಲ್ಲೊಂದು ಗ್ರಾಮ ಪಂಚಾಯತ್ ಬೇಕಾಗ್ತದೆ!"

ಕೊನೆಗೆ ಆರು ಜೀಬ್ರಾ ಮೀನುಗಳು ಪಾಸಾದವು. ಬೆರಳುದ್ದವೂ ಇಲ್ಲದ ಪಟ್ಟೆ ಮೀನುಗಳು, ಜಗಳಗಂಟರಲ್ಲ, ಗುಂಪಿನಲ್ಲೇ ಇರುವವು. ಆದರೆ ಮನೆಗೆ ತರಲಿಲ್ಲ. "ಮೊದಲು ನೀರು. ಹದಿನೈದು ದಿನದ ಕೋರ್ಸ್ ಮುಗಿಯಲಿ. ಮತ್ತೆ ಮೀನು."

ಅಲ್ಲಿಂದ ಶುರುವಾಯಿತು ನೋಡಿ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ ಅಧ್ಯಾಯ. ಇನ್ನೂರೈವತ್ತು ಲೀಟರ್ ನೀರು ತುಂಬಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಅರ್ಧಚಂದ್ರ ಎಳೆದರು. ಅದರಾಚೆ ಯಾರೂ ಬರಬಾರದು. ನೀರು ಬೋರ್ಡಿಗೆ ಹರಿಯದಂತೆ ಫಿಲ್ಟರಿನ ವಯರನ್ನು ಮಾಲೆಯ ಹಾಗೆ ಇಳಿಬಿಟ್ಟು, ಸ್ವಿಚ್ ಬೋರ್ಡನ್ನು ಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಹೊಡೆದರು. ಆಮೇಲೆ ದಿನಕ್ಕೆ ಮೂರು ಹೊತ್ತು, ಮದ್ದು ತೆಗೆದುಕೊಳ್ಳುವ ಹಾಗೆ, ಮೋಟು ಮಣೆಯ ಮೇಲೆ ಕೂತು ಅಕ್ರಿಲಿಕ್ಕಿಗೆ ಮೂಗು ಒತ್ತಿ ಹತ್ತು ನಿಮಿಷ! ಒಳಗೆ ಮೀನಿಲ್ಲ, ಗಿಡವಿಲ್ಲ, ಬರೀ ನೀರು. ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ನಿಂತು ಅತ್ತೆಯನ್ನು ಕೇಳಿದರಂತೆ: "ಇವರಿಗೆ ಯಾವಾಗಿನಿಂದ?"

"ಮಾವ, ಮೂಗು ಯಾಕೆ?" ಎಂದು ನಾನೂ ಕೇಳಿದೆ.

"ನಿನ್ನ ಮಗಳು ಮೂಗು ಒತ್ತುವುದಿಲ್ಲವಾ? ಐದು ಮೂಟೆ ಅಕ್ಕಿಯಷ್ಟು ಭಾರ ಉಂಟು ಅದರ ಹಿಂದೆ. ಮೊದಲು ನನ್ನ ಮೂಗು."

ಹನ್ನೊಂದನೆಯ ದಿನ, ಒಂದು ಭಾನುವಾರ ಬೆಳಿಗ್ಗೆ, ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಾವ ಮಣೆಯ ಮೇಲಿದ್ದರು. ಮಗಳು ಗೆರೆಯ ಈಚೆ ನಿಂತು, "ಅಜ್ಜ, ನಾನು? ಅಜ್ಜ, ನಾನು?" ಎಂದು ಕುಣಿಯುತ್ತಿದ್ದಳು.

"ಒಮ್ಮೆ ಮೂಗು ಇಡಲಿ, ಪಾಪ. ಹನ್ನೊಂದು ದಿನ ಆಯ್ತಲ್ಲ," ಎಂದರು ಅತ್ತೆ.

"ಕೋರ್ಸ್ ಮುಗಿಯಲಿಲ್ಲ."

"ನೀವೊಬ್ಬರು!" ಎಂದೆ ನಾನು. ಮಗಳನ್ನು ಎತ್ತಿಕೊಂಡು ಗೆರೆಯಾಚೆ ಕಾಲಿಟ್ಟವಳೂ ನಾನೇ. ಇಟ್ಟಾಗ ಒಂದು ವಿಷಯ ಕಂಡಿತು. "ಮಾವ, ಬಿಸಿಲಿಗೆ ಇಲ್ಲೆಲ್ಲ ಕೂದಲೆಳೆಯ ಹಾಗೆ ಎಂಥದ್ದೋ..."

ಟಿಕ್.

ಅಷ್ಟೆ ಸದ್ದು. ಉಗುರು ಕತ್ತರಿಸಿದಷ್ಟು. ನಾನು ಅರ್ಥ ಮಾಡಿಕೊಳ್ಳುವ ಮೊದಲೇ ನನ್ನ ಪುಕ್ಕಲು ಮಾವ ಎರಡೂ ಕೈ ಅಗಲಿಸಿ, ಎದೆಯನ್ನು ಪೆಟ್ಟಿಗೆಯ ಮುಂದಿನ ಹಲಗೆಗೆ ಒತ್ತಿ ಹಿಡಿದು, "ಹಿಂದೆ ಹೋಗು!" ಎಂದು ಅರಚಿದರು. ಎಷ್ಟು ಹೊತ್ತು ಹಿಡಿದರು? ಎರಡು ಸೆಕೆಂಡ್? ಮೂರು? ನಾನು ಬಾಗಿಲಿಗೆ ತಲುಪುವಷ್ಟು. ಆಮೇಲೆ ಆ ಹಲಗೆ ಬಾಯಿ ಬಿಟ್ಟಿತು. ಮಾವನನ್ನು, ಮಣೆಯನ್ನು, ಪೇಪರನ್ನು, ಎಲ್ಲವನ್ನೂ ನೀರು ಎದುರಿನ ಗೋಡೆಗೆ ತಂದು ಹಾಕಿತು. ನಾನು ನಿಂತಿದ್ದ ಜಾಗದಲ್ಲಿ ಕತ್ತಿಯಂಥ ಒಂದು ತುಂಡು ಬಿದ್ದಿತ್ತು. ನನ್ನ ಪಾದ ನೀರಿನಲ್ಲಿ ಮುಳುಗಿತ್ತು. ತಲೆಗಿಂತ ಮೇಲಿದ್ದ ಸ್ವಿಚ್ ಬೋರ್ಡಿಗೆ ಒಂದು ಹನಿಯೂ ತಾಗಿರಲಿಲ್ಲ.

"ಅಯ್ಯೋ ದೇವೆರೇ!" ಅತ್ತೆ ಮಾವನ ಬಳಿಗೆ ಓಡಿದರು.

ಮಾವ ನೀರಿನಲ್ಲಿ ಕೂತೇ ಕೇಳಿದರು: "ಮಗು?"

"ಇದ್ದಾಳೆ ಮಾವ. ಏನೂ ಆಗಲಿಲ್ಲ."

"ಮತ್ತೆ ಜಾಯಿಂಟ್?"

ನೋಡಿದೆ. ನಂಬುತ್ತೀರೋ ಇಲ್ಲವೋ, ಅವರು ಇಂಜೆಕ್ಷನ್ ಕೊಟ್ಟ ಮೂಲೆ ಹಾಗೇ ಇತ್ತು! ಒಡೆದದ್ದು ಗಟ್ಟಿಮುಟ್ಟಾಗಿದ್ದ ಮುಂಭಾಗ. ಅಕ್ರಿಲಿಕ್ಕಿಗೆ ಸ್ಪಿರಿಟ್ ವಿಷವಂತೆ, ಮೈಯೊಳಗೆ ಕೂದಲೆಳೆಯ ಬಿರುಕು ಹುಟ್ಟಿಸುತ್ತದಂತೆ. ಅದು ನಮಗೆ ತಿಳಿದದ್ದು ಆಮೇಲೆ.

ಮಾವನ ಗಲ್ಲ ಸೀಳಿತ್ತು. ಮೂಡುಬಿದಿರೆಯ ಡಾಕ್ಟರರು ಮೂರು ಹೊಲಿಗೆ ಹಾಕಿದರು. ಮಾವ ನನ್ನ ಗಲ್ಲದ ಹಳೆಯ ಕಲೆಯನ್ನು ಬೆರಳಿನಿಂದ ಮುಟ್ಟಿದರು.

"ನಿನಗೂ ಮೂರೇ, ಅಲ್ಲವಾ?"

"ಅಂಗಳದಲ್ಲಿ ಜಾರಿ ಬಿದ್ದದ್ದಂತಲ್ಲ ಮಾವ?"

"ಜಾರಿದ್ದಲ್ಲ ಮಾರಾಯ್ತಿ. ಉಯ್ಯಾಲೆ. ನಾನೇ ಕಟ್ಟಿದ್ದು. ಗಟ್ಟಿ ಉಂಟಾ ಅಂತ ನಾನು ಕೂತು ನೋಡಲಿಲ್ಲ. ನಿನ್ನನ್ನು ಕೂರಿಸಿದೆ. ಆವಾಗ ನೀನು ಇವಳಷ್ಟೇ." ಮಾವ ತಮ್ಮ ಗಲ್ಲದ ಪಟ್ಟಿಯನ್ನು ಮುಟ್ಟಿ ನೋಡಿಕೊಂಡರು. "ನಿನ್ನಮ್ಮ ಯಾರಿಗೂ ಹೇಳಲಿಲ್ಲ."

ಮೂವತ್ತು ವರ್ಷದ ಕುಕ್ಕರು, ಕುರ್ಚಿಗಳೆಲ್ಲ ನನ್ನ ಕಣ್ಣ ಮುಂದೆ ಸಾಲುಗಟ್ಟಿ ನಿಂತವು.

ಮಾವ ಸ್ಪಿರಿಟ್ ತಾಗಿದ ಹಲಗೆಗಳನ್ನೆಲ್ಲ ತೆಗೆದು ಹೊಸತು ಕೂರಿಸಿದರು, ಅವಕ್ಕೆ ಸ್ಪಿರಿಟ್ ಮುಟ್ಟಿಸಲಿಲ್ಲ. ಈ ಸಲದ ಕೋರ್ಸ್ ಒಂದು ತಿಂಗಳು. ಮೂರು ಹೊತ್ತೂ, ಹೊಲಿಗೆ ಹಾಕಿದ ಗಲ್ಲದ ಮೇಲಿನ ಅದೇ ಮೂಗು. ಈಗ ಆ ಪೆಟ್ಟಿಗೆ ಮಿಜಾರಿನ ನಮ್ಮ ಮನೆಯಲ್ಲಿದೆ, ಆರು ಜೀಬ್ರಾ ಮೀನುಗಳೂ ಇವೆ. ಆ ಟಿಕ್ ಸದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕಾಲೇಜಿನಲ್ಲಿ ಯಾರಾದರೂ ಪೆನ್ನಿನ ಗುಂಡಿ ಒತ್ತಿದರೂ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಬೆಳಿಗ್ಗೆ ಮಗಳು ಏಳುವ ಮೊದಲು ನಾನು ಮೋಟು ಮಣೆ ಎಳೆದುಕೊಂಡು ಕೂರುತ್ತೇನೆ. ಹತ್ತು ನಿಮಿಷ. ಪಟ್ಟೆ ಮೀನುಗಳು ಗುಂಪಾಗಿ ಬಂದು, ಒತ್ತಿ ಚಪ್ಪಟೆಯಾದ ನನ್ನ ಮೂಗನ್ನು ನೋಡಿಕೊಂಡು ಹೋಗುತ್ತವೆ.