ಬೆಳಗಿನ ಹೊತ್ತು ಹುಳಿಯಾಗುವ ಸಮುದ್ರರಾಯರಿಗೆ

ಭೂಮಂಡಲದ ಮುಕ್ಕಾಲು ಪಾಲಿಗೆ ಏಕಮಾತ್ರ ಒಡೆಯರೂ, ಸಕಲ ನದಿಗಳ ಕೊನೆಯ ನಿಲ್ದಾಣವೂ, ಚಂದ್ರನೊಬ್ಬನ ಮಾತು ಬಿಟ್ಟರೆ ಬೇರಾರ ಮಾತಿಗೂ ಮೇಲೇಳದವರೂ, ತಿಮಿಂಗಿಲದಿಂದ ಹಿಡಿದು ಒಂಟಿ ಚಪ್ಪಲಿಯವರೆಗೆ ಸರ್ವರಿಗೂ ಆಶ್ರಯದಾತರೂ ಆದ ಶ್ರೀಮನ್ಮಹಾ ಸಮುದ್ರರಾಯರ ಸನ್ನಿಧಾನಕ್ಕೆ, ದಡದ ಮೇಲೆ ಚಿಪ್ಪಿನ ಸಿಂಪಿಗಳ ಮರಿ ಮಾಡಿಸುವ ಹ್ಯಾಚರಿಯ ಪಂಪು ಉಸ್ತುವಾರಿಯು ಒದ್ದೆ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು, ಜೋಡಿಸಿ ಮಾಡುವ ಬಿನ್ನಹ.

ಮಾನ್ಯರೇ,

ತಮ್ಮ ಅಲೆಗಳೆಲ್ಲ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ತೊಟ್ಟಿಗಳಲ್ಲಿ ಮಾತ್ರ ಯಾರೂ ಕ್ಷೇಮವಾಗಿಲ್ಲ.

ತಮ್ಮ ಔದಾರ್ಯವನ್ನು ಹೊಗಳದೆ ನೇರವಾಗಿ ದೂರಿಗೆ ಇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ನಾವು ಮನುಷ್ಯರು ಒಲೆ, ವಾಹನ, ಕಾರ್ಖಾನೆಗಳಿಂದ ಹಗಲಿರುಳೂ ಊದುವ ಇಂಗಾಲದ ಡೈಆಕ್ಸೈಡನ್ನು, ಸುಮಾರು ನಾಲ್ಕರಲ್ಲೊಂದು ಪಾಲು, ಯಾವ ಅರ್ಜಿಯನ್ನೂ ಕೇಳದೆ, ಸಾಲಿನಲ್ಲಿ ನಿಲ್ಲಿಸದೆ, ‘ನಾಳೆ ಬಾ’ ಎನ್ನದೆ ತಾವು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೀರಿ. ಇಂಥ ಕಚೇರಿ ಭೂಮಿಯ ಮೇಲೆ ಇನ್ನೊಂದಿಲ್ಲ. ಆದರೆ ಸಿಕ್ಕಿದ್ದನ್ನೆಲ್ಲ ನುಂಗಿದವರಿಗೆ ಹುಳಿತೇಗು ಬಾರದಿರುತ್ತದೆಯೇ? ತಾವು ಇನ್ನೂ ಪೂರ್ತಿ ಹುಳಿಯಾಗಿಲ್ಲ, ಆ ಕಡೆಗೆ ವಾಲಿದ್ದೀರಿ ಅಷ್ಟೇ ಎಂದು ಬಲ್ಲವರು ಸಮಾಧಾನ ಹೇಳುತ್ತಾರೆ. ಅಷ್ಟು ವಾಲಿದ್ದಕ್ಕೇ ಹವಳಗಳು ಮೈ ಕಟ್ಟಲು ಏದುಸಿರು ಬಿಡುತ್ತಿವೆ, ಕಡಲ ಬಸವನಹುಳುಗಳ ಚಿಪ್ಪು ಸವೆದು ಹಳೆಯ ಅಂಗಿಯ ಕಾಲರಿನಂತಾಗಿದೆ.

ನಮ್ಮ ಸಿಂಪಿಮರಿಗಳ ಸಂಗತಿಯನ್ನು ವಿಶೇಷವಾಗಿ ನಿವೇದಿಸಿಕೊಳ್ಳುತ್ತೇನೆ. ಹುಟ್ಟಿ ಎರಡು ದಿನದೊಳಗೆ ಆ ಧೂಳಿನ ಕಣದಂಥ ಜೀವ ತನ್ನ ಮೊದಲ ಚಿಪ್ಪನ್ನು ಕಟ್ಟಿಕೊಳ್ಳಬೇಕು, ಅದಕ್ಕೆ ಮೊಟ್ಟೆಯಿಂದ ತಂದ ಬುತ್ತಿಯೊಂದೇ ಗತಿ. ಹುಳಿನೀರಿನಲ್ಲಿ ಚಿಪ್ಪಿಗೆ ಬೇಕಾದ ಸುಣ್ಣದ ಸಾಮಾನು ಸುಲಭಕ್ಕೆ ಸಿಗದೆ, ಅಡಿಪಾಯ ಏಳುವಷ್ಟರಲ್ಲೇ ಬುತ್ತಿ ಮುಗಿದು, ಲಕ್ಷಗಟ್ಟಲೆ ಮರಿಗಳು ತೊಟ್ಟಿಯ ತಳದಲ್ಲಿ ನಸುಗೆಂಪು ಪುಡಿಯಾಗಿ ಮಲಗಿಬಿಡುತ್ತವೆ.

ಈ ಹ್ಯಾಚರಿ ನನ್ನ ಸೋದರತ್ತೆಯದು, ಅದಕ್ಕೂ ಮೊದಲು ಅಜ್ಜಿಯದು. ಅಜ್ಜಿ ಹಾಕಿಕೊಟ್ಟ ಕ್ರಮವೆಂದರೆ ಬೆಳಗಿನ ಆರಕ್ಕೆ, ದೋಣಿಗಳು ನೀರು ಕಲಕುವ ಮುಂಚೆ, ತೊಟ್ಟಿ ತುಂಬಬೇಕು. ಅವರ ಕಾಲಕ್ಕೆ ಆ ನೀರಿನಲ್ಲಿ ಮರಿಗಳು ಬೆಳೆದು ತೊಟ್ಟಿ ಸಾಲದಾಗುತ್ತಿತ್ತು. ಈ ವರ್ಷ ಅದೇ ಆರು ಗಂಟೆಯ ನೀರಿನಲ್ಲಿ ಎರಡು ಬ್ಯಾಚು ಹೋದವು. ಆಗ ಬಂದವರು ನೀರು ಪರೀಕ್ಷಿಸುವ ಬಾಟಲಿ ಮೇಷ್ಟ್ರು. ರಾತ್ರಿಯೆಲ್ಲ ಕಡಲ ಪಾಚಿಯೂ ಉಸಿರಾಡಿ ಅದೇ ಇಂಗಾಲದ ಅನಿಲವನ್ನು ಬಿಡುವುದರಿಂದ ಬೆಳಗಿನ ನೀರು ಹೆಚ್ಚು ಹುಳಿ, ಬಿಸಿಲೇರಿದ ಮೇಲೆ ಅದೇ ಪಾಚಿ ಆ ಅನಿಲವನ್ನು ತಿಂದು ಮುಗಿಸುವುದರಿಂದ ಮಧ್ಯಾಹ್ನದ ನೀರಿಗೆ ಹುಳಿ ಕಡಿಮೆ, ಮೂರು ಗಂಟೆಗೆ ತುಂಬಿ ಎಂದರು. ಅತ್ತೆ ಸೊಂಟಕ್ಕೆ ಕೈಯಿಟ್ಟು, “ಸಮುದ್ರಕ್ಕೂ ಬೆಳಬೆಳಗ್ಗೆ ಮೂಗಿನ ತುದೀಲೇ ಸಿಟ್ಟಾ? ಅಪ್ಪ ದೇವರೇ, ನಮ್ಮನೇಲಿ ಒಬ್ಬಳಿರೋದು ಸಾಲ್ದಾ!” ಎಂದು ನನ್ನತ್ತ ನೋಡಿದ್ದು ಈ ದೂರಿಗೆ ಸಂಬಂಧಿಸಿದ್ದಲ್ಲ.

ಮೂರನೇ ಬ್ಯಾಚಿನ ನೀರು ತುಂಬುವ ಹೊಣೆ ನನ್ನ ಪಾಲಿಗೆ ಬಂತು. ‘ಮಧ್ಯಾಹ್ನ ಮೂರು’ ಎಂದು ಗೋಡೆಯ ಹಲಗೆಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ ಬರೆದಿದೆ, ಯಾರು ಬೇಕಾದರೂ ನೋಡಬಹುದು. ಆದರೂ ಮರಿಗಳು ಹೋದವು. ಸೂಕ್ಷ್ಮದರ್ಶಕದಿಂದ ತಲೆಯೆತ್ತಿದ ಅತ್ತೆ ಬೈಯಲೇ ಇಲ್ಲ. ಅತ್ತೆ ಬೈಯದಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ, “ಅಮ್ಮನ ಮಾತು ಬಿಟ್ಟು ಬಾಟಲಿ ಮಾತು ಕೇಳಿದ್ದೇ ತಪ್ಪಾಯ್ತು ಕಣೇ. ನಾಳೆಯಿಂದ ಮತ್ತೆ ಬೆಳಗಿನ ನೀರೇ. ತಾಯಿ ಸಿಂಪಿ ಉಳಿದಿರೋದು ಇನ್ನೊಂದು ಬ್ಯಾಚಿಗೆ. ಅದೂ ಹೋದ್ರೆ ಶೆಡ್ಡಿಗೆ ಬೀಗ” ಎಂದರು.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಬೇಡಿಕೆಗಳು ಇಂತಿವೆ. ಇದುವರೆಗೆ ನುಂಗಿದ ಅನಿಲವನ್ನೆಲ್ಲ ಗುಳ್ಳೆಗಳಲ್ಲಿ ಕಟ್ಟಿ, ಕಳಿಸಿದವರ ವಿಳಾಸಕ್ಕೆ ಮರಳಿಸಬೇಕು. ವಿಳಾಸ ತಿಳಿಯದಿದ್ದರೆ ಯಾವುದಾದರೂ ಊರಿನ ಯಾವುದಾದರೂ ಮನೆಯ ಬಾಗಿಲು ತಟ್ಟಿದರೂ ಸರಿಹೋಗುತ್ತದೆ. ಅಷ್ಟು ದೂರ ನಡೆಯಲಾಗದಿದ್ದರೆ ನಮ್ಮ ಪಂಪಿನ ಬಾಯಿಯ ಸುತ್ತ ಹತ್ತು ಮಾರು ಜಾಗವನ್ನಾದರೂ ಅಜ್ಜಿಯ ಕಾಲದಂತೆ ಇಟ್ಟುಕೊಡಬೇಕು. ಅದೂ ಆಗದೆಂದರೆ, ನಾಳೆ ಒಂದು ದಿನದ ಮಟ್ಟಿಗೆ ಸೂರ್ಯನೊಂದಿಗೆ ಮಾತಾಡಿ, ಮಧ್ಯಾಹ್ನದ ಮೂರು ಗಂಟೆಯನ್ನು ಬೆಳಗಿನ ಆರಕ್ಕೇ ತರಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಪಂಪು ಉಸ್ತುವಾರಿ
(ಅತ್ತೆಯ ಬಾಯಲ್ಲಿ ‘ತರಲೆ’)

ವಿ.ಸೂ.: ಈ ಬಹಿರಂಗ ಪತ್ರದ ಏಕೈಕ ಪ್ರತಿಯನ್ನು ತಮ್ಮ ದಡದಲ್ಲಿ ಇಡದೆ ಪಂಪಿನ ಸ್ವಿಚ್ಚಿನ ಮೇಲೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ತಮಗೆ ಓದು ಬಾರದೆಂದಲ್ಲ, ಕೊಟ್ಟದ್ದನ್ನು ಓದದೆಯೇ ನುಂಗುವ ಅಭ್ಯಾಸ ತಮ್ಮದೆಂದು. ನಾಳೆ ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಕೈ ತರುವವರು ಮಾತ್ರ ಓದದೆ ಬಿಡುವವರಲ್ಲ. ಅತ್ತೇ, ಸ್ವಿಚ್ಚು ಒತ್ತಬೇಡಿ, ಮಧ್ಯಾಹ್ನದವರೆಗೆ ಕಾಯಿರಿ. ಮೂರನೇ ಬ್ಯಾಚಿಗೆ ನಾನು ತುಂಬಿದ್ದು ಬೆಳಗಿನ ಆರರ ನೀರು. ಮೂರು ಗಂಟೆಗೆ ನಾನು ಸಮುದ್ರದಲ್ಲಿ ಈಜುತ್ತಿದ್ದೆ. ಮೇಷ್ಟ್ರು ಹೇಳಿದ ಹಾಗೆಯೇ, ಆ ಹೊತ್ತಿನ ನೀರು ಬಹಳ ಚೆನ್ನಾಗಿತ್ತು.